12345654321: ಒಂದು ದೊಡ್ಡ ಸಂಖ್ಯೆಯ ಗುಣಗಳನ್ನು ಕೈಲೆಕ್ಕದಲ್ಲಿ ಬಿಡಿಸಿ ನೋಡುವ ಕ್ರಮ

ಹನ್ನೊಂದು ಅಂಕಿಗಳ ಪೂರ್ಣಸಂಖ್ಯೆಯೊಂದರ ಗಣಿತೀಯ ಗುಣಗಳನ್ನು ತಿಳಿಯಲು ಕಂಪ್ಯೂಟರೇ ಬೇಕೆಂಬ ಭಾವನೆ ಸಾಮಾನ್ಯವಾಗಿದೆ. ಸರಿಯಾದ ಕ್ರಮದಲ್ಲಿ ಹೋದರೆ ಒಂದು ಹಾಳೆ ಕಾಗದ, ಒಂದು ಪೆನ್ನು ಮತ್ತು ಪ್ರೌಢಶಾಲೆಯಲ್ಲಿ ಕಲಿತ ಭಾಗಾಕಾರ ಇಷ್ಟೇ ಸಾಕಾಗುವ ಸಂದರ್ಭಗಳು ಎಷ್ಟೋ ಇವೆ. ಈ ಲೇಖನದಲ್ಲಿ ಆ ಕ್ರಮವನ್ನು 12345654321 ಎಂಬ ಒಂದೇ ಸಂಖ್ಯೆಯ ಮೇಲೆ ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸಲಾಗಿದೆ. ಓದುಗರು ಪ್ರತಿ ಹಂತವನ್ನೂ ತಾವೇ ಬರೆದು ನೋಡುತ್ತ ಮುಂದುವರಿಯುವುದು ಒಳ್ಳೆಯದು. ಸುಮ್ಮನೆ ಓದಿಕೊಂಡು ಹೋದರೆ ಇದರ ಅರ್ಧ ಸ್ವಾರಸ್ಯವೂ ದಕ್ಕುವುದಿಲ್ಲ.

ಈ ಸಂಖ್ಯೆಯ ಆಯ್ಕೆಗೆ ಕಾರಣವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಭಾಗದಲ್ಲಿ 27994681 ಅನ್ನು 441ರಿಂದ ಗುಣಿಸುವ ಲೆಕ್ಕವೊಂದಿದೆ. ಅದರ ಉತ್ತರವೇ 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಒಂದಕ್ಕೆ ಇಳಿಯುವ ಈ ಸಂಖ್ಯೆ ಎರಡೂ ತುದಿಯಿಂದ ಒಂದೇ ರೀತಿ ಓದಿಸಿಕೊಳ್ಳುತ್ತದೆ. ಇಂಥ ಉತ್ತರ ಬರುವ ಹಲವು ಲೆಕ್ಕಗಳನ್ನು ಆಚಾರ್ಯರು ಅಲ್ಲಿ ಜೋಡಿಸಿದ್ದಾರೆ, ಮತ್ತು ಅವನ್ನು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಆದರೆ ಹಾರದಂತೆ ಕಾಣುವುದು ಸಂಖ್ಯೆಯ ಗುಣವೋ, ನಾವು ಅದನ್ನು ಬರೆಯುವ ರೀತಿಯ ಗುಣವೋ ಎಂಬ ಪ್ರಶ್ನೆಯನ್ನು ಮೊದಲಿನಿಂದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ದೊಡ್ಡ ಸಂಖ್ಯೆಗಳ ಬಗ್ಗೆ ಹರಿದಾಡುವ ಮಾಹಿತಿಯಲ್ಲಿ ಈ ಎರಡು ಬಗೆಯ ಗುಣಗಳನ್ನು ಬೆರೆಸಿಬಿಡುವುದೇ ಹೆಚ್ಚು. ಹಾಗಾಗಿ ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ‘ಬರಹದ ಗುಣ’, ಬಲಕ್ಕೆ ‘ಸಂಖ್ಯೆಯ ಗುಣ’ ಎಂದು ಬರೆದುಕೊಂಡು ಆರಂಭಿಸಬೇಕು.

ಹಂತ 1: ಗುಂಪು ಮಾಡಿ ಓದುವುದು

ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ ಇದು 12,34,56,54,321 ಆಗುತ್ತದೆ. ಅಂದರೆ 1234 ಕೋಟಿ 56 ಲಕ್ಷದ 54 ಸಾವಿರದ 321. ಮಹಾವೀರಾಚಾರ್ಯರು ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವರ ಪಟ್ಟಿಯಂತೆ ಇಲ್ಲಿನ ಎಡತುದಿಯ ಅಂಕಿ ಹನ್ನೊಂದನೆಯ ಸ್ಥಾನವಾದ ‘ಅರ್ಬುದ’ದಲ್ಲಿದೆ. ಓದುವುದಕ್ಕೆ ಲಕ್ಷ-ಕೋಟಿಯ ಗುಂಪು ಅನುಕೂಲವಾದರೂ, ಭಾಜ್ಯತೆಯ ಪರೀಕ್ಷೆಗಾಗಿ ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ 12 | 345 | 654 | 321 ಎಂದೂ ಇನ್ನೊಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಬೇಕು. ಇದರ ಉಪಯೋಗ ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ಹಂತ 2: ಬಲತುದಿಯನ್ನು ನೋಡುವುದು

ಬಿಡಿ ಸ್ಥಾನದಲ್ಲಿ 1 ಇರುವುದರಿಂದ ಸಂಖ್ಯೆ ಬೆಸ, ಮತ್ತು 5ರಿಂದ ಭಾಗವಾಗುವುದಿಲ್ಲ. ಕೊನೆಯ ಎರಡು ಅಂಕಿಗಳಾದ 21 ಅನ್ನು 4ರಿಂದ ಭಾಗಿಸಿದರೆ ಶೇಷ 1. ಕೊನೆಯ ಮೂರು ಅಂಕಿಗಳಾದ 321 ಅನ್ನು 8ರಿಂದ ಭಾಗಿಸಿದರೂ ಶೇಷ 1. ಯಾವುದೇ ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಆದ್ದರಿಂದ ಇದು ಪೂರ್ಣ ವರ್ಗವಾಗಿರುವ ಸಾಧ್ಯತೆ ಇನ್ನೂ ಉಳಿದುಕೊಂಡಿದೆ ಎಂದು ಹಾಳೆಯ ಮೂಲೆಯಲ್ಲಿ ಗುರುತು ಹಾಕಿಕೊಳ್ಳಬಹುದು. ಸಾಧ್ಯತೆ ಇದೆ ಎಂದಷ್ಟೇ ಇದರ ಅರ್ಥ. 17ಕ್ಕೂ ಇದೇ ಲಕ್ಷಣವಿದೆ, ಅದು ವರ್ಗವಲ್ಲ.

ಹಂತ 3: ಅಂಕಿಗಳನ್ನು ಕೂಡಿ, ಕಳೆದು ನೋಡುವುದು

ಈ ಹಂತಕ್ಕೆ ಹೆಚ್ಚು ಸಮಯ ಕೊಡಬೇಕು. ಅಂಕಿಗಳೆಲ್ಲದರ ಮೊತ್ತ 36. ಅದು 9ರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಬಲದಿಂದ ಆರಂಭಿಸಿ ಒಂದು ಅಂಕಿಯನ್ನು ಕೂಡುತ್ತ, ಮುಂದಿನದನ್ನು ಕಳೆಯುತ್ತ ಹೋದರೆ 1 − 2 + 3 − 4 + 5 − 6 + 5 − 4 + 3 − 2 + 1 = 0 ಬರುತ್ತದೆ; ಆದ್ದರಿಂದ 11ರಿಂದಲೂ ಭಾಗವಾಗುತ್ತದೆ. ಇವೆರಡೂ ಶಾಲೆಯಲ್ಲಿ ಎಲ್ಲರೂ ಕಲಿತ ನಿಯಮಗಳೇ. 36 ಅನ್ನು ಮತ್ತೆ ಕೂಡಿ 9 ಮಾಡಿ, ಆ 9ಕ್ಕೊಂದು ಗ್ರಹವನ್ನೂ ಅದೃಷ್ಟವನ್ನೂ ಕಟ್ಟುವವರು ಇದ್ದಾರೆ. ಅಂಕಿಗಳ ಮೊತ್ತ 36 ಎಂಬುದು ಹತ್ತರ ಆಧಾರದಲ್ಲಿ ಬರೆದದ್ದರಿಂದ ಬಂದ ಗುಣ, ಅದನ್ನು ಎಡ ಪಟ್ಟಿಗೆ ಹಾಕಿ ಮುಂದೆ ಹೋಗಬೇಕು. 9ರಿಂದ ಭಾಗವಾಗುತ್ತದೆ ಎಂಬುದು ಮಾತ್ರ ಬಲ ಪಟ್ಟಿಗೆ ಸೇರುತ್ತದೆ, ಏಕೆಂದರೆ ಈ ಪ್ರಮಾಣವನ್ನು ಯಾವ ಲಿಪಿಯಲ್ಲಿ, ಯಾವ ಆಧಾರದಲ್ಲಿ ಬರೆದರೂ ಅದು ಬದಲಾಗುವುದಿಲ್ಲ.

ಈಗ ಮೂರಂಕಿಯ ಗುಂಪುಗಳಿಗೆ ಬರೋಣ. 1000 ಎಂಬುದು 1001ಕ್ಕಿಂತ ಒಂದು ಕಡಿಮೆ, 999ಕ್ಕಿಂತ ಒಂದು ಹೆಚ್ಚು. ಆದ್ದರಿಂದ ಗುಂಪುಗಳನ್ನು ಬಲದಿಂದ ಒಂದನ್ನು ಬಿಟ್ಟು ಒಂದನ್ನು ಕಳೆಯುತ್ತ ಹೋದರೆ 1001ರಿಂದ ಭಾಗಿಸಿದ ಶೇಷವೂ, ಎಲ್ಲವನ್ನೂ ಕೂಡಿದರೆ 999ರಿಂದ ಭಾಗಿಸಿದ ಶೇಷವೂ ಸಿಗುತ್ತದೆ. 1001 = 7 × 11 × 13, ಮತ್ತು 999 = 27 × 37 ಆಗಿರುವುದರಿಂದ, ಈ ಎರಡು ಸಣ್ಣ ಲೆಕ್ಕಗಳಲ್ಲಿ 7, 11, 13, 27, 37 ಎಂಬ ಐದು ಸಂಖ್ಯೆಗಳ ವಿಚಾರಣೆ ಒಮ್ಮೆಗೇ ಮುಗಿಯುತ್ತದೆ. 7ರ ಭಾಜ್ಯತೆಗೆಂದು ಕೊನೆಯ ಅಂಕಿಯನ್ನು ಇಮ್ಮಡಿ ಮಾಡಿ ಕಳೆಯುವ ನಿಯಮವೊಂದನ್ನು ಹೇಳಿಕೊಡುವುದುಂಟು. ದೊಡ್ಡ ಸಂಖ್ಯೆಗಳಿಗೆ ಅದು ಬಹಳ ನಿಧಾನ, ಅದರ ಬದಲು ಈ ಮೂರಂಕಿಯ ವಿಧಾನವನ್ನೇ ರೂಢಿ ಮಾಡಿಕೊಳ್ಳುವುದು ಮೇಲು.

ನಮ್ಮ ಸಂಖ್ಯೆಯಲ್ಲಿ 321 − 654 + 345 − 12 = 0. ಹಾಗಾದರೆ 7, 11, 13 ಮೂರೂ ಅಪವರ್ತನಗಳೇ. ಕೂಡಿದರೆ 321 + 654 + 345 + 12 = 1332; ಇದು ನಾಲ್ಕು ಅಂಕಿಯಾದ್ದರಿಂದ ಮತ್ತೊಮ್ಮೆ ಗುಂಪು ಮಾಡಿ 1 + 332 = 333. ಈ 333 ಎಂಬುದು 9 × 37. ಇದರಿಂದ 37 ಅಪವರ್ತನವೆಂದು ಗೊತ್ತಾಯಿತು. ಜೊತೆಗೆ 333 ಅನ್ನು 27ರಿಂದ ಭಾಗಿಸಿದರೆ 9 ಉಳಿಯುವುದರಿಂದ ನಮ್ಮ ಸಂಖ್ಯೆ 27ರಿಂದ ಭಾಗವಾಗುವುದಿಲ್ಲ ಎಂದೂ ಖಚಿತವಾಯಿತು. ಅಂದರೆ 3 ಎಂಬ ಅಪವರ್ತನ ಸರಿಯಾಗಿ ಎರಡು ಬಾರಿ ಇದೆ, ಮೂರನೆಯ ಬಾರಿ ಇಲ್ಲ.

ಹಂತ 4: ಸಿಕ್ಕ ಅಪವರ್ತನಗಳಿಂದ ಭಾಗಿಸುತ್ತ ಇಳಿಯುವುದು

ಮೊದಲು 1001ರಿಂದ ಭಾಗಿಸಿದರೆ ಭಾಗಲಬ್ಧ 12333321. ಅದನ್ನು 9ರಿಂದ ಭಾಗಿಸಿದರೆ 1370369. ಇದನ್ನು 37ರಿಂದ ಭಾಗಿಸಿದರೆ 37037. ಈ 37037 ಎಂಬುದನ್ನು ನೋಡಿದ ಕೂಡಲೇ 37 × 1001 ಎಂದು ಗುರುತಿಸಬಹುದು, ಏಕೆಂದರೆ ಮೂರಂಕಿಗಿಂತ ಹೆಚ್ಚಿಲ್ಲದ ಯಾವ ಸಂಖ್ಯೆಯನ್ನು 1001ರಿಂದ ಗುಣಿಸಿದರೂ ಅದೇ ಅಂಕಿಗಳು ಎರಡು ಬಾರಿ ಬಂದು ಕೂರುತ್ತವೆ. ಹೀಗೆ ಒಟ್ಟಾರೆ

12345654321 = 3² × 7² × 11² × 13² × 37²

ಎಂದಾಯಿತು. ಇಲ್ಲಿ ಅದೃಷ್ಟವೂ ನಮ್ಮ ಕಡೆ ಇತ್ತೆಂಬುದನ್ನು ಮರೆಯಬಾರದು. ಇಷ್ಟೇ ಗಾತ್ರದ ಬೇರೊಂದು ಸಂಖ್ಯೆಗೆ ಸಣ್ಣ ಅಪವರ್ತನ ಒಂದೂ ಇಲ್ಲದಿದ್ದರೆ, ಅದರ ವರ್ಗಮೂಲದವರೆಗಿನ ಅವಿಭಾಜ್ಯ ಸಂಖ್ಯೆಗಳೆಲ್ಲದರಿಂದಲೂ ಭಾಗಿಸಿ ನೋಡಬೇಕಾಗುತ್ತದೆ. ಒಂದು ಲಕ್ಷದೊಳಗೇ 9,592 ಅವಿಭಾಜ್ಯ ಸಂಖ್ಯೆಗಳಿವೆ. ನಮ್ಮ ಸಂಖ್ಯೆಯ ವರ್ಗಮೂಲ ಒಂದು ಲಕ್ಷವನ್ನೂ ದಾಟುತ್ತದೆ. ಅಷ್ಟು ಭಾಗಾಕಾರಗಳನ್ನು ಕೈಯಲ್ಲಿ ಮಾಡಲು ಯಾರಿಗೂ ಸಲಹೆ ಕೊಡಲಾಗದು.

ಹಂತ 5: ವರ್ಗಮೂಲ

ಎಲ್ಲ ಘಾತಾಂಕಗಳೂ 2 ಆಗಿರುವುದರಿಂದ ಸಂಖ್ಯೆ ಪೂರ್ಣ ವರ್ಗವೆಂಬುದು ಸಿದ್ಧವಾಗಿದೆ; ವರ್ಗಮೂಲ 3 × 7 × 11 × 13 × 37 = 111111. ಆದರೂ ಅಪವರ್ತನಗಳ ಸಹಾಯವಿಲ್ಲದೆ ನೇರವಾಗಿ ವರ್ಗಮೂಲ ತೆಗೆಯುವುದನ್ನು ಇಲ್ಲಿ ಒಮ್ಮೆ ಮಾಡಿ ನೋಡಲೇಬೇಕು, ಏಕೆಂದರೆ ಇಷ್ಟು ಅಚ್ಚುಕಟ್ಟಾಗಿ ನಡೆಯುವ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ಸ್ಥಾನಗಳನ್ನು ವರ್ಗಸ್ಥಾನ, ಅವರ್ಗಸ್ಥಾನವೆಂದು ವಿಂಗಡಿಸಿ ಒಂದೊಂದೇ ಅಂಕಿಯಾಗಿ ಮೂಲ ತೆಗೆಯುವ ಕ್ರಮವನ್ನು ಆರ್ಯಭಟರು 499ರಷ್ಟು ಹಿಂದೆಯೇ ಸೂತ್ರವಾಗಿ ಕೊಟ್ಟಿದ್ದಾರೆ. ಶಾಲೆಯಲ್ಲಿ ಕಲಿಸುವ ಭಾಗಾಕಾರದ ಕ್ರಮದ ತತ್ತ್ವವೂ ಅದೇ.

ಬಲದಿಂದ ಎರಡೆರಡು ಅಂಕಿಗಳ ಜೋಡಿ ಮಾಡಿದರೆ 1 | 23 | 45 | 65 | 43 | 21 ಬರುತ್ತದೆ. ಆರು ಜೋಡಿಗಳಿರುವುದರಿಂದ ವರ್ಗಮೂಲಕ್ಕೆ ಆರು ಅಂಕಿಗಳು. ಮೊದಲ ಜೋಡಿಯ ಮೂಲ 1, ಶೇಷ 0. ಮುಂದಿನ ಜೋಡಿ 23 ಅನ್ನು ಇಳಿಸಿ, ಇದುವರೆಗಿನ ಮೂಲದ ಇಮ್ಮಡಿಯಾದ 2ರ ಪಕ್ಕಕ್ಕೆ 1 ಬರೆದರೆ 21. ಅದನ್ನು ಕಳೆದರೆ 2. ಅದಕ್ಕೆ 45 ಇಳಿಸಿದರೆ 245, ಭಾಜಕ 221, ಶೇಷ 24. ಮುಂದೆ 2465ರಿಂದ 2221 ಕಳೆದು 244; 24443ರಿಂದ 22221 ಕಳೆದು 2222; ಕೊನೆಗೆ 222221ರಿಂದ 222221 ಕಳೆದು ಸೊನ್ನೆ. ಪ್ರತಿ ಬಾರಿಯೂ ಮೂಲಕ್ಕೆ ಸೇರುವ ಅಂಕಿ 1 ಮಾತ್ರ.

ಈಗ ಆರಂಭದ ಪ್ರಶ್ನೆಗೆ ಉತ್ತರ ಹೇಳಬಹುದು. 111111 ಅನ್ನು 111111ರಿಂದ ಗುಣಿಸುವಾಗ ಒಂದೊಂದು ಸ್ಥಾನ ಸರಿಸಿ ಬರೆದ ಆರು ಸಾಲುಗಳನ್ನು ಕೂಡುತ್ತೇವೆ. ಕಂಬಸಾಲುಗಳಲ್ಲಿ ಕ್ರಮವಾಗಿ 1, 2, 3, 4, 5, 6, 5, 4, 3, 2, 1 ಒಂದುಗಳು ಬೀಳುತ್ತವೆ, ದಶಕ ಎಲ್ಲಿಯೂ ಬರುವುದಿಲ್ಲ. ಹಾರದ ರೂಪ ಬಂದದ್ದು ಇಷ್ಟರಿಂದಲೇ. ಇದಕ್ಕೆ ಹತ್ತರ ಆಧಾರವೇ ಬೇಕೆಂದಿಲ್ಲ. 6 ಎಂಬ ಅಂಕಿ ಇರುವ ಯಾವ ಆಧಾರದಲ್ಲಿಯೂ, ಅಂದರೆ 7 ಅಥವಾ ಅದಕ್ಕಿಂತ ದೊಡ್ಡ ಆಧಾರದಲ್ಲಿ, ‘111111’ರ ವರ್ಗ ‘12345654321’ ಎಂದೇ ಬರೆಯಲ್ಪಡುತ್ತದೆ. ಉದಾಹರಣೆಗೆ 7ರ ಆಧಾರದಲ್ಲಿ ‘111111’ ಎಂದರೆ ನಮ್ಮ 19608. ಅದರ ವರ್ಗ 384473664 ಅನ್ನು 7ರ ಆಧಾರದಲ್ಲಿ ಬರೆದರೆ ಕಣ್ಣಿಗೆ ಕಾಣುವುದು ಅದೇ ಹಾರ. ಆದರೆ 19608 = 2³ × 3 × 19 × 43; ಅದು ಸಮ ಸಂಖ್ಯೆ, ಅದರ ವರ್ಗಕ್ಕೆ 7, 11, 13, 37 ಯಾವುವೂ ಅಪವರ್ತನಗಳಲ್ಲ. ಬರಹ ಒಂದೇ, ಸಂಖ್ಯೆ ಪೂರ್ತಿ ಬೇರೆ. ಆದ್ದರಿಂದ ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವುದು ಎಡ ಪಟ್ಟಿಗೂ, ಪೂರ್ಣ ವರ್ಗವಾಗಿರುವುದು ಬಲ ಪಟ್ಟಿಗೂ ಸೇರಬೇಕು.

ಹಂತ 6: ಭಾಜಕಗಳ ಎಣಿಕೆ ಮತ್ತು ಮೊತ್ತ

ಅವಿಭಾಜ್ಯ ಅಪವರ್ತನಗಳು ಕೈಗೆ ಬಂದ ಮೇಲೆ ಉಳಿದ ಗುಣಗಳೆಲ್ಲ ಅದರಿಂದಲೇ ಹೊರಡುತ್ತವೆ. ಒಂದು ಭಾಜಕದಲ್ಲಿ 3 ಎಂಬುದು ಸೊನ್ನೆ, ಒಂದು ಅಥವಾ ಎರಡು ಬಾರಿ ಇರಬಹುದು. ಹೀಗೆಯೇ ಉಳಿದ ನಾಲ್ಕಕ್ಕೂ ಮೂರು ಮೂರು ಆಯ್ಕೆಗಳು. ಒಟ್ಟು 3 × 3 × 3 × 3 × 3 = 243 ಭಾಜಕಗಳು. ಈ ಎಣಿಕೆ ಬೆಸ ಬಂದಿರುವುದು ಆಕಸ್ಮಿಕವಲ್ಲ. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ, ಪೂರ್ಣ ವರ್ಗದಲ್ಲಿ ಮಾತ್ರ ವರ್ಗಮೂಲಕ್ಕೆ ಬೇರೆ ಜೋಡಿ ಇರುವುದಿಲ್ಲ. ಮಹಾವೀರಾಚಾರ್ಯರ 441 ಮತ್ತು 27994681 ಈ ಜೋಡಿಗಳಲ್ಲಿ ಒಂದು; 441 = 21², 27994681 = 5291². ಎರಡು ವರ್ಗಗಳನ್ನೇ ಆರಿಸಿ ಅವರು ಲೆಕ್ಕ ಕಟ್ಟಿದ್ದಾರೆ ಎಂಬುದನ್ನು ಗಮನಿಸಿದರೆ, 111111ರ ವರ್ಗ ಅವರಿಗೆ ಗೊತ್ತಿದ್ದೇ ಈ ಲೆಕ್ಕ ಹುಟ್ಟಿರಬೇಕು ಎಂದು ನನಗೆ ಅನ್ನಿಸುತ್ತದೆ.

ಭಾಜಕಗಳೆಲ್ಲದರ ಮೊತ್ತ ಬೇಕಾದರೆ 243 ಸಂಖ್ಯೆಗಳನ್ನು ಬರೆದು ಕೂಡಬೇಕಾಗಿಲ್ಲ. ಪ್ರತಿಯೊಂದು ಅವಿಭಾಜ್ಯಕ್ಕೂ 1, ಅದು ಮತ್ತು ಅದರ ವರ್ಗ ಈ ಮೂರನ್ನು ಕೂಡಿ, ಬಂದ ಐದು ಮೊತ್ತಗಳನ್ನು ಗುಣಿಸಿದರೆ ಸಾಕು:

13 × 57 × 133 × 183 × 1407 = 25375524993

ಇದನ್ನು ಸಂಖ್ಯೆಯ ಇಮ್ಮಡಿಯಾದ 24691308642ರೊಂದಿಗೆ ಹೋಲಿಸಬೇಕು. ಮೊತ್ತ ಇಮ್ಮಡಿಗೆ ಸಮವಾದರೆ ಅದು ಪರಿಪೂರ್ಣ ಸಂಖ್ಯೆ. 6 ಮತ್ತು 28 ಅಂಥವು. ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಅಧಿಕ. ನಮ್ಮದು ಅಧಿಕ ಸಂಖ್ಯೆ. ಬೆಸ ಸಂಖ್ಯೆಯೊಂದು ಅಧಿಕವಾಗುವುದು ಅಪರೂಪ. ಅವುಗಳಲ್ಲಿ ಅತ್ಯಂತ ಚಿಕ್ಕದು 945.

ಇಲ್ಲಿ ಸ್ವಲ್ಪ ನಿಂತು, ಗುಣಾಕಾರವನ್ನು ಕೊನೆಯ 1407ಕ್ಕಿಂತ ಮೊದಲು ನಿಲ್ಲಿಸಿ ನೋಡುವುದು ಲಾಭದಾಯಕ. 37 ಅನ್ನು ಕೈಬಿಟ್ಟರೆ ಉಳಿಯುವುದು 3² × 7² × 11² × 13² = 3003² = 9018009. ಇದರ ಭಾಜಕಗಳ ಮೊತ್ತ 18035199, ಇಮ್ಮಡಿ 18036018. ಕೊರತೆ ಕೇವಲ 819! ಪರಿಪೂರ್ಣತೆಯ ಇಷ್ಟು ಹತ್ತಿರ ಬಂದ ಈ ಸಂಖ್ಯೆಯನ್ನು ಫ್ರಾನ್ಸಿನ ರೆನೆ ಡೆಕಾರ್ಟ್ ಗಮನಿಸದೆ ಬಿಟ್ಟಿರಲಿಲ್ಲ. 1638ರಲ್ಲಿ ಮರ್ಸೆನ್‌ಗೆ ಬರೆದ ಪತ್ರದಲ್ಲಿ ಆತ ಇದನ್ನು 22021ರಿಂದ ಗುಣಿಸಿ ಬರುವ 198585576189 ಎಂಬ ಸಂಖ್ಯೆಯನ್ನು ಚರ್ಚಿಸಿದ. 22021 ಅವಿಭಾಜ್ಯವೆಂದು ಇಟ್ಟುಕೊಂಡರೆ ಮೊತ್ತವನ್ನು 22022ರಿಂದ ಗುಣಿಸಬೇಕು; 18035199 × 22022 = 397171152378, ಇದು ಆ ಸಂಖ್ಯೆಯ ಕರಾರುವಾಕ್ಕಾದ ಇಮ್ಮಡಿ. ಅಂದರೆ ಬೆಸ ಪರಿಪೂರ್ಣ ಸಂಖ್ಯೆಯೊಂದು ಸಿಕ್ಕಂತೆಯೇ. ತೊಡಕೆಂದರೆ 22021 ಅವಿಭಾಜ್ಯವಲ್ಲ, ಅದು 19² × 61. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಎಂಬುದು ಇಂದಿಗೂ ಬಗೆಹರಿಯದ ಪ್ರಶ್ನೆ. ಇದ್ದರೆ ಅದಕ್ಕೆ 1500ಕ್ಕೂ ಹೆಚ್ಚು ಅಂಕಿಗಳಿರಬೇಕೆಂದು 2012ರಲ್ಲಿ ಓಶೆಮ್ ಮತ್ತು ರಾವ್ ಸಾಧಿಸಿದ್ದಾರೆ. ಡೆಕಾರ್ಟ್ 22021ರಿಂದ ಗುಣಿಸಿದ ಜಾಗದಲ್ಲಿ ನಮ್ಮ ಹಾರದ ಸಂಖ್ಯೆಯಲ್ಲಿ 37² ಇದೆ, ಅದು ತಕ್ಕಡಿಯನ್ನು ಅಧಿಕದ ಕಡೆಗೆ ವಾಲಿಸಿಬಿಡುತ್ತದೆ.

ಹಂತ 7: ಸಹ ಅವಿಭಾಜ್ಯಗಳು

ನಮ್ಮ ಸಂಖ್ಯೆಯೊಂದಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ, ಅದಕ್ಕಿಂತ ಚಿಕ್ಕ ಸಂಖ್ಯೆಗಳೆಷ್ಟು ಎಂಬುದನ್ನು ಹೀಗೆ ತಿಳಿಯಬಹುದು: ಐದೂ ಅವಿಭಾಜ್ಯಗಳಿಂದ ಒಂದೊಂದು ಕಳೆದು ಗುಣಿಸಿದರೆ 2 × 6 × 10 × 12 × 36 = 51840; ಅದನ್ನು 111111ರಿಂದ ಗುಣಿಸಿದರೆ 5759994240. ಒಟ್ಟು ಸಂಖ್ಯೆಗಳಲ್ಲಿ ಇದು ನೂರಕ್ಕೆ ಸುಮಾರು 46.7 ಪಾಲು.

ಹಂತ 8: ಎರಡು ವರ್ಗಗಳ ಮೊತ್ತವಾಗಿ ಬರೆಯುವುದು

ಅವಿಭಾಜ್ಯ ಅಪವರ್ತನಗಳನ್ನು 4ರಿಂದ ಭಾಗಿಸಿ ಶೇಷ ನೋಡಬೇಕು. 3, 7, 11 ಇವುಗಳಿಗೆ ಶೇಷ 3; 13 ಮತ್ತು 37ಕ್ಕೆ ಶೇಷ 1. ಶೇಷ 3 ಬರುವ ಅವಿಭಾಜ್ಯಗಳೆಲ್ಲ ಸಮ ಘಾತದಲ್ಲಿದ್ದರೆ ಮಾತ್ರ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯ. ನಮ್ಮಲ್ಲಿ ಎಲ್ಲವೂ ಎರಡನೆಯ ಘಾತದಲ್ಲಿವೆ. 13 = 2² + 3² ಮತ್ತು 37 = 1² + 6² ಎಂದು ಬರೆದು, ಎರಡು ವರ್ಗಗಳ ಇಂಥ ಮೊತ್ತಗಳನ್ನು ಗುಣಿಸಿದರೆ ಮತ್ತೆ ಅಂಥದೇ ಮೊತ್ತ ಬರುತ್ತದೆಂಬ ಬ್ರಹ್ಮಗುಪ್ತರ ನಿತ್ಯಸಮೀಕರಣವನ್ನು ಬಳಸಿದರೆ, 13 × 37 = 481 = 15² + 16² = 9² + 20² ಎಂದು ಸಿಗುತ್ತದೆ. ಅಲ್ಲಿಂದ 111111 ಅನ್ನು ವಿಕರ್ಣವಾಗಿ ಹೊಂದಿದ, ಭುಜಗಳೆಲ್ಲ ಪೂರ್ಣಸಂಖ್ಯೆಗಳಾದ ಲಂಬಕೋನ ತ್ರಿಭುಜಗಳು ನಾಲ್ಕು ದೊರೆಯುತ್ತವೆ. ಅವುಗಳ ಉಳಿದ ಭುಜಗಳು ಹೀಗಿವೆ: 7161 ಮತ್ತು 110880; 73689 ಮತ್ತು 83160; 42735 ಮತ್ತು 102564; 36036 ಮತ್ತು 105105. ಕೊನೆಯದನ್ನು ಬಾಯಿಲೆಕ್ಕದಲ್ಲಿಯೇ ತಾಳೆ ನೋಡಬಹುದು: ಮೂರೂ ಭುಜಗಳನ್ನು 1001ರಿಂದ ಭಾಗಿಸಿದರೆ 36, 105, 111 ಉಳಿಯುತ್ತವೆ; 1296 + 11025 = 12321.

ಹಂತ 9: ವ್ಯುತ್ಕ್ರಮದ ದಶಮಾಂಶ

1ನ್ನು 12345654321ರಿಂದ ಭಾಗಿಸುತ್ತ ಹೋದರೆ ದಶಮಾಂಶದ ಅಂಕಿಗಳು ಯಾವಾಗ ಪುನರಾವರ್ತನೆ ಆರಂಭಿಸುತ್ತವೆ? ಮೊದಲು 1/111111 ನೋಡಿದರೆ ಅದು 0.000009000009… ಎಂದು ಆರಂಕಿಗೊಮ್ಮೆ ಮರುಕಳಿಸುತ್ತದೆ. ವರ್ಗದ ವ್ಯುತ್ಕ್ರಮವನ್ನು ಆರಾರು ಅಂಕಿಗಳಾಗಿ ಒಡೆದು ಬರೆದರೆ ದಶಮಾಂಶ ಬಿಂದುವಿನ ನಂತರ 000000, 000081, 000162, 000243, 000324 ಎಂದು 81ರ ಮಗ್ಗಿಯೇ ಸಾಲಾಗಿ ಹೊರಬರುತ್ತದೆ. ಇದರ ಆವರ್ತದ ಉದ್ದವನ್ನು ತಿಳಿಯಲು ಪ್ರತಿ ಅವಿಭಾಜ್ಯದ ವರ್ಗಕ್ಕೂ ಆವರ್ತ ಕಂಡುಹಿಡಿಯಬೇಕು: 49ಕ್ಕೆ 42, 121ಕ್ಕೆ 22, 169ಕ್ಕೆ 78, 1369ಕ್ಕೆ 111, 9ಕ್ಕೆ 1. ಇವುಗಳ ಲ.ಸಾ.ಅ. 222222. ಎರಡು ಲಕ್ಷಕ್ಕೂ ಹೆಚ್ಚು ಅಂಕಿಗಳಾದ ಮೇಲೆಯೇ ಸಾಲು ಮೊದಲಿನಿಂದ ಆರಂಭವಾಗುತ್ತದೆ, ಮತ್ತು ಆ ಉದ್ದವೂ ಇಷ್ಟು ನೀಟಾದ ಸಂಖ್ಯೆ! ಸಾಮಾನ್ಯವಾಗಿ ಅವಿಭಾಜ್ಯದ ವರ್ಗಕ್ಕೆ ಹೋದಾಗ ಆವರ್ತ ಅಷ್ಟು ಪಟ್ಟು ಹಿಗ್ಗುತ್ತದೆ. 7ಕ್ಕೆ 6 ಇದ್ದದ್ದು 49ಕ್ಕೆ 42 ಆದಂತೆ. 3 ಮಾತ್ರ ಹಿಗ್ಗಲಿಲ್ಲ. ಹೀಗೆ ಹಿಗ್ಗದ ಮುಂದಿನ ಅವಿಭಾಜ್ಯ 487. ಇಲ್ಲೊಂದು ಎಚ್ಚರಿಕೆ ಬೇಕು: ಆವರ್ತದ ಉದ್ದ ಹತ್ತರ ಆಧಾರವನ್ನು ಅವಲಂಬಿಸಿದ್ದು, ಆದ್ದರಿಂದ ಇದು ಎಡ ಪಟ್ಟಿಗೇ ಹೋಗಬೇಕು.

ಹಂತ 10: ತಾಳೆ ನೋಡುವುದು

ದೊಡ್ಡ ಗುಣಾಕಾರದ ಉತ್ತರವನ್ನು 9ರ ಶೇಷದಿಂದ ತಾಳೆ ನೋಡುವ ಹಳೆಯ ಪದ್ಧತಿ ಎಲ್ಲರಿಗೂ ಗೊತ್ತು. ಆದರೆ 27994681 × 441 ಎಂಬ ಲೆಕ್ಕದಲ್ಲಿ ಅದು ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. 441 ಎಂಬುದೇ 9ರಿಂದ ಭಾಗವಾಗುವುದರಿಂದ, ಇನ್ನೊಂದು ಸಂಖ್ಯೆಯಲ್ಲಿ ಅಂಕಿ ತಪ್ಪಿ ಬರೆದಿದ್ದರೂ ಉತ್ತರದ ಶೇಷ ಸೊನ್ನೆಯಾಗಿಯೇ ಇರುತ್ತದೆ. 11ರ ತಾಳೆಯೂ ಇದೇ ಕಾರಣಕ್ಕೆ ದುರ್ಬಲ, ಏಕೆಂದರೆ 27994681 ಎಂಬುದು 11ರಿಂದ ಭಾಗವಾಗುತ್ತದೆ. ಸಂಖ್ಯೆಗೆ ಅಪವರ್ತನವಲ್ಲದ ಭಾಜಕವನ್ನೇ ತಾಳೆಗೆ ಆರಿಸಬೇಕು. 101 ಇದಕ್ಕೆ ತುಂಬ ಅನುಕೂಲ: ಬಲದಿಂದ ಎರಡಂಕಿಯ ಜೋಡಿಗಳನ್ನು ಒಂದು ಕೂಡಿ ಒಂದು ಕಳೆಯಬೇಕು, ಅಷ್ಟೇ. 27994681ಕ್ಕೆ 81 − 46 + 99 − 27 = 107, ಅಂದರೆ ಶೇಷ 6. 441ಕ್ಕೆ 41 − 4 = 37. ಗುಣಿಸಿದರೆ 222, ಅದರ ಶೇಷ 20. ಉತ್ತರದ ಕಡೆಯಿಂದ 21 − 43 + 65 − 45 + 23 − 1 = 20. ಎರಡೂ ಹೊಂದಿಕೊಂಡವು.

ಕಂಪ್ಯೂಟರಿನಲ್ಲಿ ತಾಳೆ ನೋಡುವವರಿಗೆ ಇನ್ನೊಂದು ಮಾತು. ದ್ವಿಮಾನ ಪದ್ಧತಿಯಲ್ಲಿ ಈ ಸಂಖ್ಯೆಗೆ 34 ಬಿಟ್‌ಗಳು ಬೇಕು. ಜಾವಾದಂಥ ಭಾಷೆಯಲ್ಲಿ 32 ಬಿಟ್‌ಗಳ ಸಾಮಾನ್ಯ ಪೂರ್ಣಾಂಕವಾಗಿ 111111 ಅನ್ನು 111111ರಿಂದ ಗುಣಿಸಿದರೆ ಪರದೆಯ ಮೇಲೆ −539247567 ಎಂಬ ಋಣಸಂಖ್ಯೆ ಬರುತ್ತದೆ. ಅದು ಗುಣಾಕಾರದ ದೋಷವಲ್ಲ, ಪಾತ್ರೆ ಚಿಕ್ಕದಾಗಿ ತುಂಬಿ ಹರಿದದ್ದು. 64 ಬಿಟ್‌ಗಳ ವಿಧವನ್ನು ಆರಿಸಿದರೆ ಸರಿಹೋಗುತ್ತದೆ. ಎಕ್ಸೆಲ್ ಹಾಳೆ 15 ಅಂಕಿಗಳವರೆಗೆ ನಿಖರವಾಗಿರುವುದರಿಂದ ಅಲ್ಲಿ ಈ ಸಂಖ್ಯೆಗೆ ತೊಂದರೆಯಿಲ್ಲ.

ಹಂತ 11: ಅಕ್ಕಪಕ್ಕದ ಸಂಖ್ಯೆಗಳು

ಕೆಲಸ ಇಲ್ಲಿಗೇ ನಿಲ್ಲಿಸಬೇಕಾಗಿಲ್ಲ. ಒಂದು ಕಳೆದರೆ ವರ್ಗಗಳ ವ್ಯತ್ಯಾಸದ ಸೂತ್ರದಿಂದ 111110 × 111112 ಆಗುತ್ತದೆ; ಇವೆರಡನ್ನೂ ಬೇರೆಬೇರೆಯಾಗಿ ಬಿಡಿಸಿದರೆ 12345654320 = 2⁴ × 5 × 17 × 19 × 41 × 43 × 271. ಒಂದು ಕೂಡಿಸಿದಾಗ ಅಂಥ ಸೂತ್ರವಿಲ್ಲ, ಆದರೆ ಬೇರೊಂದು ಅನುಕೂಲವಿದೆ. ಒಂದು ವರ್ಗಕ್ಕೆ 1 ಕೂಡಿಸಿ ಬಂದ ಸಂಖ್ಯೆಗೆ, 2ನ್ನು ಬಿಟ್ಟರೆ, 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯಗಳು ಮಾತ್ರ ಅಪವರ್ತನಗಳಾಗಬಲ್ಲವು. ಆದ್ದರಿಂದ 3, 7, 11, 19, 23 ಇವುಗಳನ್ನು ಮುಟ್ಟದೆ 5, 13, 17, 29, 37, 41, 53 ಎಂದು ಹೋಗಬಹುದು. ಶ್ರಮ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗೆ ಹೋದರೆ 29 ಮತ್ತು 53ರಲ್ಲಿ ಶೇಷವಿಲ್ಲದ ಭಾಗಾಕಾರ ಸಿಕ್ಕಿ 12345654322 = 2 × 29 × 53 × 4016153 ಎಂದಾಗುತ್ತದೆ. ಉಳಿದ 4016153ರ ವರ್ಗಮೂಲ 2004ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅದನ್ನು ಇನ್ನೂ ಒಡೆಯಲು ಸಾಧ್ಯವೇ ಎಂದು ನೋಡಬಯಸುವವರು 61ರಿಂದ ಆರಂಭಿಸಿ, ಅದೇ ಬಗೆಯ ಅವಿಭಾಜ್ಯಗಳಿಂದ ಮಾತ್ರ, 2004ರವರೆಗೆ ಭಾಗಿಸಿದರೆ ಸಾಕು.